ಮೆಲುಕು ಎಣಿಸಿದ ಸಾಹೇಬರು

ಹೊಸ ಯಜಮಾನರ ಕೊಟ್ಟಿಗೆಗೆ ಹೊರಟ ಆರು ಎಮ್ಮೆಗಳು ದ್ಯಾಮಣ್ಣನ ಲಾರಿಯಲ್ಲಿದ್ದವು. ಆರೂ ಗಬ್ಬದವು. ಅದಕ್ಕೇ ಅವನು ಲಾರಿಯನ್ನು ತೊಟ್ಟಿಲು ತೂಗಿದಂತೆ ಓಡಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಎಮ್ಮೆಗಳೆಲ್ಲ ಹುಲ್ಲಿನ ಮೇಲೆ ಮಲಗಿ, ಅರೆನಿದ್ದೆಯಲ್ಲಿ ಮೆಲುಕು ಹಾಕುತ್ತ, ಯಾವುದೋ ಕನಸಿನ ಕೆರೆಯಲ್ಲಿ ತೇಲುತ್ತಿದ್ದವು.

ಚೆಕ್‌ಪೋಸ್ಟಿಗೆ ಹೊಸದಾಗಿ ಬಂದಿದ್ದ ತಪಾಸಣೆ ಸಾಹೇಬರು ಇಣುಕಿ ನೋಡಿ ಗುಡುಗಿದರು. “ಕಣ್ಣು ಮುಚ್ಚಿದ ದನ ಅಂದ್ರ ರೋಗದ ದನ! ಎಲ್ಲಾನೂ ಕೆಳಗಿಳಿಸು. ಓಡಿಸಿ ತೋರಿಸು.”

ಗಬ್ಬದ ಎಮ್ಮೆಗಳನ್ನು ಕಾದ ಡಾಂಬರಿನ ಮೇಲೆ ಓಡಿಸುವುದೇ? ದ್ಯಾಮಣ್ಣ ಕೈಮುಗಿದು ಹೇಳಿದ, “ಆಗ್ಲಿ ಸಾಹೇಬ್ರ. ಮೊದ್ಲು ಮೆಲುಕು ಎಣಿಸಿ ನೋಡ್ರಿ. ರೋಗದ ದನ ಮೆಲುಕು ಹಾಕಂಗಿಲ್ರಿ.”

ಸಾಹೇಬರು ಪೇದೆಯಿಂದ ಲಾರಿಯ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಎಣಿಸತೊಡಗಿದರು. ಒಂದು, ಎರಡು, ಮೂರು... ದವಡೆಗಳು ನಿಧಾನವಾಗಿ ಅತ್ತಿತ್ತ ಆಡುತ್ತಿದ್ದವು. ನಲವತ್ತಕ್ಕೆ ಅವರ ದನಿ ತೊದಲಿತು. ಐವತ್ತು ದಾಟುವ ಮೊದಲೇ ಗೊರಕೆ ಶುರುವಾಯಿತು.

ದ್ಯಾಮಣ್ಣ ಅವರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ, “ಸಾಹೇಬ್ರ, ಕಣ್ಣು ಮುಚ್ಚೀರಿ. ಏನ್ ರೋಗರಿ? ಒಂದ್ ಸುತ್ತು ಓಡಿಸಿ ನೋಡ್ಲೇನ್ರಿ?”

ಸಾಹೇಬರು ದಡಬಡಿಸಿ ಎದ್ದರು. “ರೋಗ ಅಲ್ಲೋ, ಬರೇ ಜೊಂಪು!” ಅಂದವರೇ ನಾಲಿಗೆ ಕಚ್ಚಿಕೊಂಡರು. ಪೇದೆ ಆಚೆ ಮುಖ ತಿರುಗಿಸಿ ನಕ್ಕ. ಕೊನೆಗೆ ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಕಾಗದಕ್ಕೆ ಸಹಿ ಹಾಕಿ, ಗೇಟನ್ನು ತಾವೇ ಎತ್ತಿದರು.

“ಹಾರ್ನ್ ಹೊಡಿಬ್ಯಾಡಪಾ,” ಅಂದರು ಪಿಸುದನಿಯಲ್ಲಿ, “ಎಚ್ಚರ ಆದಾವು.”