ಪಾರಿವಾಳದ ಕಾಲಿನ ಬಣ್ಣದ ಕುಂಚಿಗೆ

ಕಣ್ಣು ಕಂಡ ಬಣ್ಣವನ್ನ ಬಾಯಿ ಬದಲಾಯಿಸಬಾರದು. ಇದು ನೂಲಾಪುರ ಅನ್ನೋ ಊರಿನ ಕಟ್ಟಳೆ. ಊರಿನವರೆಲ್ಲಾ ಬಲ್ಲ ಕಟ್ಟಳೆ, ಊರಿನವರೆಲ್ಲಾ ಮುರಿದ ಕಟ್ಟಳೆ. ಹೆಂಗೆ ಮುರಿದರು, ಒಬ್ಬಳು ಮಾತ್ರ ಹೆಂಗೆ ಮುರಿಯೋದಿಲ್ಲ ಅಂದಳು, ಅದೇ ಈ ಕತೆ. ಹೂಂ ಅನ್ನುತ್ತಾ ಕೇಳಬೇಕು ಕೂಸೇ. ಹೂಂ ನಿಂತರೆ ಕತೆಯೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ಹೊಳೆಗೆ ಇನ್ನೂ ಸೇತುವೆ ಇಲ್ಲದ ಕಾಲದಲ್ಲಿ, ಆ ನೂಲಾಪುರದ ಚಾವಡಿಯೊಳಗೆ ಒಂದು ಉದ್ದನೆಯ ತೊಟ್ಟಿಲು ಇತ್ತಂತೆ. ಎಷ್ಟು ಉದ್ದ ಅಂದರೆ ಹತ್ತು ಕೂಸು ಸಾಲಾಗಿ ಮಲಗಿದರೂ ಇನ್ನೊಂದಕ್ಕೆ ಜಾಗ ಉಳಿಯೋವಷ್ಟು. ಬೇರೆ ಊರಲ್ಲಿ ಅವರವರ ಮನೇಲಿ ಅವರವರ ತೊಟ್ಟಿಲು. ಈ ಊರಲ್ಲಿ ಹಂಗಲ್ಲ, ಆ ತಿಂಗಳು ಹುಟ್ಟಿದ ಕೂಸುಗಳನ್ನೆಲ್ಲಾ ಹುಣ್ಣಿಮೆ ದಿನ ಬೆಳಿಗ್ಗೆ ಒಟ್ಟಿಗೆ ಊರ ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳೋದು. ಗಂಡು ಕೂಸುಗಳು ಆ ತುದಿ, ಹೆಣ್ಣು ಕೂಸುಗಳು ಈ ತುದಿ. ಸೋದರಮಾವ ಆದವನು ಕುಂಚಿಗೆ ತರಬೇಕು. ಕುಂಚಿಗೆ ಅಂದರೆ ಗೊತ್ತಲ್ಲ, ತಲೆಗೆ ಟೊಪ್ಪಿಗೆಯಾಗಿ, ಬೆನ್ನ ಮೇಲೆ ಸೆರಗಿನ ಹಂಗೆ ಇಳಿಬೀಳುತ್ತಲ್ಲ, ನಿನಗೂ ಒಂದು ಹೊಲಿಸಿದ್ದೆ, ತೊಡಿಸಿದ ಗಳಿಗೆಗೇ ಒದ್ದೆ ಮಾಡಿದೆ, ಅದೇ. ದೃಷ್ಟಿ ಆಗಬಾರದು ಅಂತ ಅದರ ಅಂಚನ್ನ ಕೂಸಿನ ಮೂಗಿನ ತನಕ ಎಳೆದಿಡ್ತಿದ್ದರಂತೆ. ಆಮೇಲೆ ಸೋದರಮಾವನೇ ಕೂಸನ್ನ ಎತ್ತಿ ಹಿಡಿದು, ಇಂಥ ಬಣ್ಣದ ಕೂಸು, ಇಂಥವಳ ಮಗು ಅಂತ ಮೂರು ಸಲ ಕೂಗಿ ಮಲಗಿಸಬೇಕು. ಹೆಸರಿಟ್ಟಾದ ಮೇಲೆ ಸೂಲಗಿತ್ತಿ ಒಂದೊಂದೇ ಬಣ್ಣ ಕರೀತಾಳೆ, ಆ ಬಣ್ಣದ ತಾಯಿ ಬಂದು ತನ್ನದನ್ನ ಎತ್ತಿಕೊಂಡು ಹೋಗ್ತಾಳೆ. ಕಟ್ಟಳೆ ಹುಟ್ಟಿದ್ದೇ ಅದಕ್ಕೆ. ಕೂಗಿದ ಬಣ್ಣ ಒಂದು, ತೊಟ್ಟ ಬಣ್ಣ ಒಂದು ಆದರೆ ಯಾರ ಕೂಸು ಯಾರ ಮಡಿಲು ಸೇರಬೇಕು?

ಗಂಡು ಕೂಸುಗಳ ತುದಿಯಲ್ಲಿ ಎಲ್ಲಾ ಸರಿಯಾಗೇ ಇತ್ತಂತೆ. ಗಿಣಿ ಹಸಿರು, ಅರಿಶಿನ, ನವಿಲ ಕತ್ತಿನ ನೀಲಿ, ಒಂದಕ್ಕೊಂದು ಬೇರೆ. ಹೆಣ್ಣು ಕೂಸುಗಳ ತುದಿ ಮಾತ್ರ ಕೆಟ್ಟಿತ್ತು. ಯಾವುದೋ ಕಾಲದಲ್ಲಿ ಗೌಡರ ಮೊಮ್ಮಗಳಿಗೆ ಗುಲಾಬಿ ಬಣ್ಣದ ಕುಂಚಿಗೆ ತೊಡಿಸಿದ್ದರಂತೆ, ನೋಡಿದವರು ಲಕ್ಷ್ಮಿ ಇದ್ದಂಗವಳೆ ಅಂದರಂತೆ, ಅವತ್ತಿಂದ ಎಲ್ಲರಿಗೂ ತಮ್ಮ ಮನೆ ಲಕ್ಷ್ಮಿಗೂ ಗುಲಾಬಿಯೇ ಆಗಬೇಕು. ಎಲ್ಲಾ ಗುಲಾಬಿ ಆದ ಮೇಲೆ ಕೂಗೋದು ಏನಂತ? ಒಬ್ಬ ತಾವರೆ ಬಣ್ಣ ಅಂದ, ಇನ್ನೊಬ್ಬ ದಾಳಿಂಬೆ ಬಣ್ಣ ಅಂದ. ಬಾಯಲ್ಲಿ ಬೇರೆ ಬೇರೆ, ತೊಟ್ಟಿಲಲ್ಲಿ ಒಂದೇ. ತಿಂಗಳಿಗೊಂದು ಕೂಸು ಅದಲುಬದಲಾಗಿ ಇನ್ನೊಬ್ಬರ ಮನೆ ಸೇರೋದು, ತಾಯಂದಿರು ಬೀದಿಯಲ್ಲಿ ಎದೆ ಬಡಕೊಂಡು ಓಡೋದು, ಊರಿಗೆ ಅದೂ ರೂಢಿಯಾಗಿತ್ತಂತೆ.

ಹೊಳೆಯ ಆಚೆ ದಡದಲ್ಲಿ ಮರುಳಪ್ಪ ಅಂತ ಒಬ್ಬ ಸುಣ್ಣ ಸುಡೋನು ಇದ್ದ. ಅವನಿಗೆ ಗೊತ್ತಿದ್ದದ್ದು ಎರಡೇ ಬಣ್ಣ, ಸುಣ್ಣದ ಬಿಳುಪು, ಇದ್ದಿಲ ಕಪ್ಪು. ಅವನ ತಂಗಿ ಬಾಳವ್ವನನ್ನ ನೂಲಾಪುರಕ್ಕೇ ಕೊಟ್ಟಿದ್ದರು. ಅವರ ಅವ್ವನ ತವರು ಕೂಡ ನೂಲಾಪುರವೇ, ಹೆರಿಗೆ ಆಗಿದ್ದೂ ಅಲ್ಲೇ. ಆ ಬಾಳವ್ವ ಚೊಚ್ಚಲು ಹೆಣ್ಣು ಹೆತ್ತಳಂತೆ. ಮರುಳಪ್ಪ ಬೆಲ್ಲ ಕೊಬ್ಬರಿ ಹೊತ್ತುಕೊಂಡು ನೋಡೋದಕ್ಕೆ ಹೋದರೆ, ತಂಗಿ ಕೂಸನ್ನ ತೋರಿಸೋದಕ್ಕೆ ಮೊದಲು ಅವನ ಕೈ ಹಿಡಿದಳಂತೆ. ಅಣ್ಣಾ, ಹುಣ್ಣಿಮೆಗೆ ಮೂರು ದಿನ ಇದೆ, ಕುಂಚಿಗೆ ನೀನೇ ತರಬೇಕು, ಯಾವ ಬಣ್ಣದ್ದಾದರೂ ತಾ, ಗುಲಾಬಿ ಒಂದು ಬಿಟ್ಟು, ಅಂದಳು.

ಅದೇನೇ ಹಂಗೆ, ಎಲ್ಲರೂ ಅದನ್ನೇ ತೊಡಿಸ್ತಾರಲ್ಲ, ಅಂದ ಇವನು.

ನಿನಗೆ ಮರೆತುಹೋಯಿತಾ ಅಣ್ಣಾ, ನಾನು ಬದಲಾಗಿದ್ದು, ಅಂದಳು.

ಮರುಳಪ್ಪನಿಗೆ ಮರೆತಿರಲಿಲ್ಲ. ಆಗ ಅವನಿಗೆ ಐದು ವರ್ಷ. ಊರ ತೊಟ್ಟಿಲಿನಿಂದ ಅವ್ವ ಎತ್ತಿಕೊಂಡು ಬಂದ ಕೂಸು ತನ್ನದಲ್ಲ ಅಂತ ಎಂಟನೇ ದಿನ ಅವಳಿಗೇ ಅನ್ನಿಸಿ, ಅಳೋ ದನಿ ಬೇರೆ ಇದೆ ಅಂತ ಹೋಗಿ ಬದಲಾಯಿಸಿಕೊಂಡು ಬಂದಳು. ಹತ್ತನೇ ದಿನ, ಮೊದಲನೇ ಕೂಸೇ ನನ್ನದಾಗಿತ್ತೇನೋ ಅಂತ ಮತ್ತೆ ಅನುಮಾನ. ಅಷ್ಟೊತ್ತಿಗೆ ಆ ಇನ್ನೊಬ್ಬ ತಾಯಿ ಗಂಡನ ಜೊತೆ ಗಾಡಿ ಕಟ್ಟಿಕೊಂಡು ಎಲ್ಲಿಗೋ ಹೋಗಿಬಿಟ್ಟಿದ್ದಳು. ಅವ್ವ ಬಾಳವ್ವನನ್ನ ಪ್ರೀತಿಯಿಂದಲೇ ಸಾಕಿದಳು, ಎಣ್ಣೆ ಹಚ್ಚಿ ಎರೆದಳು, ಜಡೆ ಹಾಕಿದಳು. ಆದರೆ ಜಡೆ ಹಾಕ್ತಾ ಹಾಕ್ತಾ ಕೈ ನಿಂತುಹೋಗೋದು. ನೀನು ನನ್ನವಳೇ ಏನೇ, ಅಂತ ಕೇಳೋಳು. ಸಾಯೋ ತನಕ ಕೇಳಿದಳಂತೆ.

ನನ್ನ ಮಗಳನ್ನ ನಾನು ಹಂಗೆ ಕೇಳಬಾರದು ಅಣ್ಣಾ. ಅಷ್ಟೇ ನಾನು ಬೇಡೋದು, ಅಂದಳು ಬಾಳವ್ವ.

ಅದೇನು ಮಹಾ, ಗುಲಾಬಿ ಅಲ್ಲದ್ದು ಒಂದು ಕುಂಚಿಗೆ ತಾನೇ, ಹೊತ್ತು ಮುಳುಗೋದರೊಳಗೆ ತರ್ತೀನಿ ತಗೋ, ಅಂತ ಮರುಳಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟನಂತೆ. ಹೂಂ ಅನ್ನು.

ಮೊದಲನೇ ದಿನ ಸೂಜಿ ಬಾಬಣ್ಣನ ಹತ್ರ ಹೋದ. ಬಾಬಣ್ಣ ಅಂದರೆ ಊರಿಗೆಲ್ಲಾ ಕುಂಚಿಗೆ ಹೊಲಿಯೋನು. ಅವನ ಹಿಂದೆ ಗೋಡೆ ತುಂಬಾ ಕುಂಚಿಗೆ ತೂಗಾಡ್ತಿದ್ದವು. ಆ ಗಿಣಿ ಹಸಿರಿಂದು ಕೊಡಣ್ಣ, ಅಂದ ಮರುಳಪ್ಪ. ಕೂಸು ಗಂಡೋ ಹೆಣ್ಣೋ, ಅಂದ ಬಾಬಣ್ಣ. ಹೆಣ್ಣು, ಅಂದ ಇವನು. ಅಯ್ಯೋ ಮರುಳೇ, ಹಸಿರು ತೊಡಿಸಿದರೆ ಹುಡುಗರ ತುದಿಗೆ ಮಲಗಿಸಿಬಿಡ್ತಾರೆ, ನಾಳೆ ನಿನ್ನ ಸೊಸೆಗೆ ಭೀಮಪ್ಪ ಅಂತ ಹೆಸರಿಟ್ಟರೆ ಕರೀತೀಯಾ? ಹಂಗಾದರೆ ಹೆಣ್ಣಿಗೆ ಅಂತಲೇ ಇರೋದರಲ್ಲಿ ಗುಲಾಬಿ ಅಲ್ಲದ್ದು ಕೊಡು, ಅಂದ ಮರುಳಪ್ಪ. ಬಾಬಣ್ಣ ಬಾಯಲ್ಲಿದ್ದ ಸೂಜಿ ತೆಗೆದು, ನನ್ನದೇನು ಅಡ್ಡಿ ಇಲ್ಲಪ್ಪ, ಮಗ್ಗದ ಈರಪ್ಪ ನೇಯ್ದು ಕೊಟ್ಟದ್ದನ್ನ ನಾನು ಕತ್ತರಿಸ್ತೀನಿ, ಅವನನ್ನ ಕೇಳು, ಬರಿಗೈಯಲ್ಲಿ ಯಾಕೆ ಹೋಗ್ತೀಯ, ಇದನ್ನ ತಗೋ, ಅಂತ ಒಂದು ಕುಂಚಿಗೆ ಮಡಿಲಿಗೆ ಹಾಕಿದನಂತೆ. ಮರುಳಪ್ಪ ತಿರುಗಿಸಿ ಮುರುಗಿಸಿ ನೋಡಿದ. ಇದು ಗುಲಾಬಿ ಅಲ್ವೇನಣ್ಣ? ಛೇ, ಇದು ತಾವರೆ ಮೊಗ್ಗಿನ ಬಣ್ಣ, ಸುಣ್ಣದ ಹೊಗೆಗೆ ನಿನ್ನ ಕಣ್ಣು ಮಬ್ಬಾಗಿದೆ, ಅಂದ ಬಾಬಣ್ಣ.

ಇರಬಹುದೇನೋ ಅಂತ ಮರುಳಪ್ಪ ಕಣ್ಣು ಉಜ್ಜಿಕೊಂಡನಂತೆ.

ಎರಡನೇ ದಿನ ಈರಪ್ಪನ ಮನೆ. ಈರಪ್ಪ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ, ಲಾಳಿ ಅತ್ತ ಇತ್ತ ಓಡ್ತಿತ್ತು, ಇವನು ಕೇಳಿದ ಪ್ರಶ್ನೆಯೂ ಅದರ ಜೊತೆಗೇ ಅತ್ತ ಇತ್ತ ಓಡಿತು. ನಾನು ಬೇಕಂತ ಗುಲಾಬಿ ನೇಯ್ತೀನೇನಯ್ಯಾ, ಬಣ್ಣದ ತುಳಜವ್ವ ಹೆಣ್ಣುಮಕ್ಕಳ ಬಟ್ಟೆಗೆ ಅಂತ ಅದೊಂದೇ ನೂಲು ಅದ್ದಿ ಕೊಡೋದು, ಅವಳನ್ನ ಕೇಳು, ಅಂದ ಈರಪ್ಪ. ಅಂದು, ಇವನ ಸಪ್ಪೆ ಮೋರೆ ನೋಡಿ ಕನಿಕರ ಬಂದು, ಮಗಳಿಗೆ ಅಂತ ಹೊಲಿಸಿಟ್ಟಿದ್ದ ಒಂದು ಕುಂಚಿಗೆ ಒಳಗಿಂದ ತರಿಸಿಕೊಟ್ಟನಂತೆ. ಇದು ಈರುಳ್ಳಿ ಸಿಪ್ಪೆ ಬಣ್ಣ, ಗುಲಾಬಿಗೂ ಇದಕ್ಕೂ ನಂಟೇ ಇಲ್ಲ, ಅಂದ. ಮರುಳಪ್ಪ ಅದನ್ನ ಬಾಬಣ್ಣ ಕೊಟ್ಟಿದ್ದರ ಪಕ್ಕ ಇಟ್ಟು ನೋಡಿದ. ತಾವರೆ ಯಾವುದು ಈರುಳ್ಳಿ ಯಾವುದು ಅಂತ ಒಂದು ಗಳಿಗೆಗೆ ಅವನಿಗೇ ಮರೆತುಹೋಯಿತು. ಈರಪ್ಪಣ್ಣ, ಇದರಲ್ಲಿ ನಿಂದು ಯಾವುದು, ಅಂತ ಕೇಳಿದ. ಈರಪ್ಪ ಎರಡನ್ನೂ ಮೂಸಿ ನೋಡಿ ಒಂದನ್ನ ಇದೇ ಅಂತ ತೋರಿಸಿದ. ಮೂಸಿ ಯಾಕೆ ನೋಡಿದ ಅಂತ ಮರುಳಪ್ಪ ಕೇಳಲಿಲ್ಲ. ಕೇಳಬೇಕಿತ್ತು.

ಮೂರನೇ ದಿನ ತುಳಜವ್ವನ ಅಂಗಳ. ಸಾಲಾಗಿ ಕಡಾಯಿ, ಒಂದರಲ್ಲಿ ಹಸಿರು ಕುದೀತಿದೆ, ಒಂದರಲ್ಲಿ ನೀಲಿ, ಒಂದರಲ್ಲಿ ಗುಲಾಬಿ. ಮೊಣಕೈ ತನಕ ಕೈ ಬಣ್ಣ ಮಾಡಿಕೊಂಡು ತುಳಜವ್ವ ಗುಲಾಬಿಯ ಕಡಾಯಿ ತಿರುವುತ್ತಿದ್ದಳು. ತುಳಜಕ್ಕಾ, ಹೆಣ್ಣುಕೂಸಿಗೆ ಬೇರೆ ಬಣ್ಣ ಯಾಕೆ ಅದ್ದಲ್ಲ ನೀನು, ಅಂದ. ಅದ್ದೋದಕ್ಕೇನಪ್ಪ, ಬೇವಿನೆಲೆ ಬಣ್ಣ ಅದ್ದಲಾ, ಹುಣಸೆ ಬೀಜದ ಬಣ್ಣ ಅದ್ದಲಾ, ಎಲ್ಲಾ ಬರುತ್ತೆ ನನಗೆ, ಆದರೆ ಅದ್ದಿಟ್ಟರೆ ಸೂಜಿ ಬಾಬಣ್ಣ ಹೊಲಿಯೋದಿಲ್ಲ ಅಂತಾನೆ, ಅವನನ್ನ ಕೇಳು.

ಮರುಳಪ್ಪ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಬಾಬಣ್ಣ ಈರಪ್ಪನನ್ನ ಕೇಳು ಅಂದ, ಈರಪ್ಪ ನಿನ್ನನ್ನ ಕೇಳು ಅಂದ, ನೀನು ಬಾಬಣ್ಣನನ್ನ ಕೇಳು ಅಂತೀಯ, ನಾನೇನು ಗಾಣದ ಎತ್ತಾ ತುಳಜಕ್ಕಾ? ಹಂಗಾದರೆ ಗುಲಾಬಿ ಬೇಕು ಅಂದವರು ಯಾರು? ತುಳಜವ್ವ ಕೋಲು ನಿಲ್ಲಿಸಿ ಯೋಚನೆ ಮಾಡಿದಳು. ಯಾರೂ ಅನ್ನಲಿಲ್ಲಪ್ಪ. ಎಲ್ಲರೂ ಅಂತಾರೆ, ಯಾರೂ ಅನ್ನಲಿಲ್ಲ, ಅಂದಳಂತೆ. ಅಂದು, ತನ್ನ ತಂತಿಯ ಮೇಲೆ ಒಣಗಿದ್ದ ಒಂದು ಕುಂಚಿಗೆ ತೆಗೆದು, ಇದು ಪಾರಿವಾಳದ ಕಾಲಿನ ಬಣ್ಣ, ಇಂಥದ್ದು ಊರಲ್ಲೇ ಇಲ್ಲ, ಅಂತ ಅವನ ಕೈಗಿಟ್ಟಳು. ತಂತಿಯ ಮೇಲೆ ಇನ್ನೂ ಐದು ಪಾರಿವಾಳದ ಕಾಲು ಒಣಗ್ತಿದ್ದವು.

ಮರುಳಪ್ಪ ಮೂರು ಕುಂಚಿಗೆ ಹಿಡಿದು ತಂಗಿಯ ಮನೆ ಕಡೆ ನಡೆದ. ತಲೆ ಕೆಟ್ಟು ಗೊಬ್ಬರವಾಗಿತ್ತು. ದಾರಿಯಲ್ಲಿ ಬೇಲಿ ಮೇಲೆ ಒಂದು ಗುಲಾಬಿ ಹೂವು ಅರಳಿತ್ತು. ಅದರ ಪಕ್ಕ ಮೂರನ್ನೂ ಹಿಡಿದ. ಹೂವು ಯಾವುದು ಬಟ್ಟೆ ಯಾವುದು ಗೊತ್ತಾಗಲಿಲ್ಲ. ಹಂಗಾದರೆ ಇದು ಗುಲಾಬಿಯೇ ಅಂದುಕೊಂಡ. ಆಮೇಲೆ, ಇಲ್ಲ, ಹೊಲಿಯೋನು ನೇಯೋನು ಅದ್ದೋಳು ಮೂರು ಜನ ಬಲ್ಲವರೇ ಇದು ಗುಲಾಬಿ ಅಲ್ಲ ಅಂದ ಮೇಲೆ ಈ ಹೂವೇ ಗುಲಾಬಿ ಅಲ್ಲವೇನೋ ಅಂದುಕೊಂಡ. ಸುಣ್ಣ ಬೆಳ್ಳಗಿದೆ ಅಂತ ತನಗೆ ಹೇಳಿಕೊಟ್ಟವರು ಯಾರು ಅಂತಲೂ ಒಂದು ಸಲ ಅನುಮಾನ ಬಂತಂತೆ.

ಬಾಗಿಲಲ್ಲೇ ತಂಗಿ ಕಾಯ್ತಿದ್ದಳು. ಮೂರನ್ನೂ ನೋಡಿದಳು. ಅಣ್ಣಾ, ನನ್ನ ಕಣ್ಣಿಗೆ ಬಾಣಂತಿ ಕಣ್ಣು ಅನ್ನಬೇಡ, ನೀನೇ ಹೇಳು, ಇದು ಯಾವ ಬಣ್ಣ?

ಮೂರು ದಿನ ತಿರುಗಿದವನು, ಹೊತ್ತು ಮುಳುಗೋದರೊಳಗೆ ತರ್ತೀನಿ ಅಂದಿದ್ದವನು, ಬರಿಗೈ ಅಂತ ಒಪ್ಪಿಕೊಳ್ಳೋದು ಹೆಂಗೆ? ಪಾರಿವಾಳದ ಕಾಲಿನ ಬಣ್ಣ ಕಣವ್ವ, ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಮೇಲೆ ಸುಣ್ಣದ ಹರಳು ಇಟ್ಟಂಗಾಯಿತಂತೆ. ಬಾಳವ್ವ ಒಳಗೆ ಹೋಗಿ ಕೂಸಿಗೆ ಹಾಲು ಕುಡಿಸಿದಳು.

ಹೂಂ ನಿಂತುಹೋಯಿತಲ್ಲ? ರೆಪ್ಪೆ ಜೋಲ್ತಾ ಇದೆ. ಸರಿ, ಹಂಗಾದರೆ ಕೊನೆಗೆ ಆದ ಒಳ್ಳೇದನ್ನ ಮೊದಲೇ ಹೇಳಿಬಿಡ್ತೀನಿ, ಕೇಳಿಸಿಕೊಂಡು ಬೇಕಾದರೆ ಮಲಗು. ಆ ಕೂಸಿಗೆ ಸಿರಿಗೌರಿ ಅಂತ ಹೆಸರಾಯಿತು, ಅದು ತನ್ನ ತಾಯಿಯ ಮಡಿಲಲ್ಲೇ ಬೆಳೀತು, ಯಾರೂ ಅದನ್ನ ನೀನು ಯಾರವಳೇ ಅಂತ ಕೇಳಲಿಲ್ಲ. ಅದರ ಮುಂದಿನ ಹುಣ್ಣಿಮೆಗೆ ತುಳಜವ್ವ ಹೆಣ್ಣುಕೂಸುಗಳಿಗೂ ಬೇವಿನೆಲೆ, ಹುಣಸೆ ಬೀಜ ಎಲ್ಲಾ ಅದ್ದಿದಳು, ಈರಪ್ಪ ನೇಯ್ದ, ಬಾಬಣ್ಣ ಹೊಲಿದ, ಇಷ್ಟಪಟ್ಟವರು ಗುಲಾಬಿಯನ್ನೂ ತೊಡಿಸಿದರು, ಗುಲಾಬಿ ಅಂತಲೇ ಕೂಗಿದರು. ಮರುಳಪ್ಪನೂ ಸುಖವಾಗಿದ್ದ. ಎಲ್ಲರೂ ಸುಖವಾಗಿದ್ದರು. ಅದು ಹೆಂಗಾಯಿತು ಅಂದರೆ ಇಷ್ಟೇ.

ಹುಣ್ಣಿಮೆ ಬೆಳಿಗ್ಗೆ ಚಾವಡಿ ತುಂಬಾ ಜನ. ತೊಟ್ಟಿಲಿನ ಈ ತುದಿಯಲ್ಲಿ ಆಗಲೇ ಐದು ಹೆಣ್ಣುಕೂಸು ಮಲಗಿದ್ದವು, ಐದೂ ಗುಲಾಬಿ, ಐದೂ ಮೂಗಿನ ತನಕ ಮುಚ್ಚಿಕೊಂಡು. ಒಂದು ತಾವರೆ, ಒಂದು ದಾಳಿಂಬೆ, ಒಂದು ಕರುವಿನ ನಾಲಿಗೆ, ಹಂಗೆ ಒಂದೊಂದು ಹೆಸರಲ್ಲಿ ಕೂಗಿಸಿಕೊಂಡು ಮಲಗಿದ್ದವು. ಮರುಳಪ್ಪನ ಸರದಿ ಬಂತು. ಕೂಸನ್ನ ಎತ್ತಿ ಹಿಡಿದ. ಕೂಗಪ್ಪ, ಬಣ್ಣ ಕೂಗು, ಅಂದರು ಈ ಶಾಸ್ತ್ರ ನಡೆಸೋ ತೊಟ್ಟಿಲ ಯಜಮಾನರು. ಇವನು ಒಂದು ಸಲ ಬಾಬಣ್ಣನ ಮುಖ ನೋಡಿದ, ಈರಪ್ಪನ ಮುಖ ನೋಡಿದ, ತುಳಜವ್ವನ ಮುಖ ನೋಡಿದ. ಮೂವರೂ ತಲೆ ಆಡಿಸಿದರು. ಪಾರಿವಾಳದ ಕಾಲಿನ ಬಣ್ಣದ ಕೂಸು, ಬಾಳವ್ವನ ಮಗಳು, ಅಂತ ಕೂಗಿದ. ಎರಡನೇ ಸಲವೂ ಕೂಗಿದ. ಮೂರನೇ ಸಲಕ್ಕೆ ಬಾಯಿ ತೆರೆಯೋದರೊಳಗೆ ಹೆಂಗಸರ ಗುಂಪಿನಿಂದ ಬಾಳವ್ವ ಎದ್ದು ಬಂದಳಂತೆ. ಹಸಿ ಬಾಣಂತಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿದವಳು, ಹಂಗೇ ಬಂದಳು.

ಗುಲಾಬಿ ಅಣ್ಣಾ, ಅಂದಳು. ಮೆತ್ತಗೇ ಅಂದಳು. ಅದು ಗುಲಾಬಿ.

ಮರುಳಪ್ಪನಿಗೆ ನಾಚಿಕೆಯೂ ಆಯಿತು, ಮೂರು ದಿನದಿಂದ ಹೊತ್ತಿದ್ದ ಕಲ್ಲು ಇಳಿದಂಗೂ ಆಯಿತು. ಹೌದು ಕಣವ್ವ, ಗುಲಾಬಿಯೇ, ಅಂದ.

ಬಾಳವ್ವ ಕೂಸನ್ನ ಅವನ ಕೈಯಿಂದ ತಗೊಂಡಳು. ಕುಂಚಿಗೆಯ ದಾರ ಬಿಚ್ಚಿ, ಅದನ್ನ ಮಡಿಸಿ ಅಣ್ಣನ ಹೆಗಲ ಮೇಲಿಟ್ಟಳು. ತನ್ನ ಬದನೆಕಾಯಿ ಬಣ್ಣದ ಸೀರೆಯ ಸೆರಗನ್ನ ಎಳೆದು ಕೂಸಿಗೆ ಸುತ್ತಿದಳು. ಬದನೆಕಾಯಿ ಬಣ್ಣದ ಕೂಸು, ಬಾಳವ್ವನ ಮಗಳು, ಅಂತ ಮೂರು ಸಲ ತಾನೇ ಕೂಗಿದಳು. ಆಗ ಯಜಮಾನರು ಕೋಲು ಕುಟ್ಟಿ, ಸೆರಗು ನಿನ್ನ ಮೈಮೇಲಿದೆಯಲ್ಲಮ್ಮ, ಕೂಸನ್ನ ಹೆಂಗೆ ಮಲಗಿಸ್ತೀಯ, ತಾಯಿ ತೊಟ್ಟಿಲು ಹತ್ತೋದು ನಮ್ಮ ಶಾಸ್ತ್ರದಲ್ಲಿಲ್ಲ, ಅಂದರಂತೆ.

ಕಣ್ಣು ಕಂಡದ್ದನ್ನ ಬಾಯಿ ಬದಲಾಯಿಸೋದೂ ಶಾಸ್ತ್ರದಲ್ಲಿಲ್ಲ ಯಜಮಾನರೇ, ಅಂದಳು ಬಾಳವ್ವ. ಅಂದು, ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಭುಜಕ್ಕೆ ಒಂದು ಕೈ ಕೊಟ್ಟು, ಮೊದಲು ಬಲಗಾಲು, ಆಮೇಲೆ ಎಡಗಾಲು, ಮಲಗಿದ್ದ ಕೂಸುಗಳಿಗೆ ಒಂದಿಷ್ಟೂ ತಾಗದ ಹಂಗೆ, ಆ ಊರ ತೊಟ್ಟಿಲನ್ನ ಹತ್ತಿ, ಮಗಳನ್ನ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳಂತೆ. ಕತೆ ಅಷ್ಟೇ, ಮುಗೀತು.