ಮೂರನೇ ಸಲ ಒದ್ದೆಯಾದ ಕಾಲು

ಹತ್ತು ಜನರ ನಡುವೆ ಕುಳಿತಾಗ, ತಿಳಿಯದ್ದನ್ನು ತಿಳಿಯಲಿಲ್ಲ ಎಂದರೆ ಮರ್ಯಾದೆ ಹೋಗುವುದಿಲ್ಲವೇ ಎಂದು ಶಿಷ್ಯ ಮರುಳಯ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಏಳು ಜನ ಯಾತ್ರೆ ಹೊರಟಿದ್ದರು. ದಾರಿಯಲ್ಲಿ ಒಂದು ದೊಡ್ಡ ಗುಹೆ ಸಿಕ್ಕಿತು. ನೋಡಿಕೊಂಡೇ ಹೋಗೋಣ ಎಂದು ಉತ್ಸಾಹದಿಂದ ಒಳಹೊಕ್ಕರು. ಪಂಜು ಹಿಡಿದ ವ್ಯಾಪಾರಿ ಮುಂದೆ; ಅವನ ಹಿಂದೆ ಜೋಯಿಸ, ರೈತ, ಉಳಿದವರು. ಎಲ್ಲರಿಗಿಂತ ಹಿಂದೆ ಒಬ್ಬ ಸೂಲಗಿತ್ತಿ. ಅವಳು ಊರು ಬಿಟ್ಟು ಬಂದದ್ದು ಅದೇ ಮೊದಲು.

ಒಳಗೆ ಕವಲಿಗೊಂದು ಕವಲು. ಇವರು ಕೂಗಿದರೆ ಗುಹೆಯೂ ಕೂಗುತ್ತಿತ್ತು. ಸೂಲಗಿತ್ತಿ ಮಗುವಿನ ಹಾಗೆ ಕೂಗಿ ಕೂಗಿ ನಕ್ಕಳು. ಮನದಣಿಯೆ ನೋಡಿ ಎಲ್ಲರೂ ಹಿಂತಿರುಗಿದರು.

ಬರುವಾಗ, ಎಮ್ಮೆಯ ಬೆನ್ನಿನಂಥ ಒಂದು ಬಂಡೆಯ ಪಕ್ಕ, ಅವಳ ಕಾಲು ನೀರಿನ ಗುಂಡಿಗೆ ಬಿತ್ತು. ಸೀರೆಯ ಅಂಚು ಹಿಂಡಿಕೊಂಡು ನಡೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು. ಗುಹೆಯೆಂದ ಮೇಲೆ ಇಂಥ ಗುಂಡಿ ಹತ್ತಾರು ಇರುತ್ತವೆ ಎಂದುಕೊಂಡಳು. ಮೂರನೇ ಸಲ ಬಿದ್ದಾಗ ನೋಡುತ್ತಾಳೆ, ಪಕ್ಕದಲ್ಲಿ ಎಮ್ಮೆಯ ಬೆನ್ನಿನಂಥ ಅದೇ ಬಂಡೆ. ಪಂಜಿನ ಉರಿಯೂ ಸಣ್ಣಗಾಗಿತ್ತು. ಆದರೆ ಮುಂದಿನವರು ಹರಟುತ್ತಾ ಆರಾಮವಾಗಿ ಹೋಗುತ್ತಿದ್ದರು. ದೇಶ ಸುತ್ತಿದವರ ಮುಂದೆ ತಾನು ಬಾಯಿ ಬಿಟ್ಟರೆ ನಕ್ಕಾರು ಎಂದು ಹಿಂಜರಿದಳು. ನಾಲ್ಕು ಹೆಜ್ಜೆ ನಡೆದಳು. ಐದನೆಯದು ಏಳಲಿಲ್ಲ. ಅಲ್ಲೇ ಕುಕ್ಕರಿಸಿದಳು.

"ಅಣ್ಣಂದಿರಾ, ಈ ಗುಂಡಿಗೆ ನಾನು ಬಿದ್ದದ್ದು ಇದು ಮೂರನೇ ಸಲ. ಎಲ್ಲಿದ್ದೇವೋ ನನಗೆ ತಿಳಿಯುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?"

ಹರಟೆ ನಿಂತಿತು.

"ತಪ್ಪಿದ್ದರೆ ಹಿಂದಿನವರು ಹೇಳುತ್ತೀರಿ ಅಂದುಕೊಂಡಿದ್ದೆ" ಎಂದ ವ್ಯಾಪಾರಿ, ಮೆಲ್ಲಗೆ.

"ಪಂಜು ನಿನ್ನ ಕೈಯಲ್ಲಿತ್ತಲ್ಲಪ್ಪ!" ಎಂದ ಜೋಯಿಸ.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಏಳು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಹಳ ಹೊತ್ತಿನಿಂದ ಪ್ರತಿಯೊಬ್ಬರೂ ಒಳಗೊಳಗೇ ಹೆದರಿದ್ದರು. ಈಗ ಬಾಯಿ ಬಿಟ್ಟರು. ತಗ್ಗಾದ ಒಂದು ಕಿಂಡಿಯ ಬಳಿ ಕಿವಿಗೆ ತಣ್ಣನೆ ಗಾಳಿ ಬಡಿದಿತ್ತು ಎಂದ ರೈತ. ಅಲ್ಲಿ ಪಂಜಿನ ಉರಿ ವಾಲಿದ್ದು ತನಗೂ ಕಂಡಿತ್ತು ಎಂದ ವ್ಯಾಪಾರಿ. ಎಲ್ಲರೂ ಆ ಕಿಂಡಿಯನ್ನು ಹುಡುಕಿಕೊಂಡು ಹೋಗಿ, ಬಗ್ಗಿ ನುಸುಳಿ, ಗಾಳಿ ಬಂದತ್ತಲೇ ತೆವಳಿದರು. ಪಂಜು ಆರುವ ಮೊದಲೇ ಬಿಸಿಲು ಕಂಡಿತು. ಹೊರಗೆ ಬಂದು, ಸೂಲಗಿತ್ತಿಗೆ ಮೊದಲು ಬಡಿಸಿ, ಬುತ್ತಿ ಉಂಡರು.

ಮರುಳಯ್ಯನಿಗೂ ನಗು ತಡೆಯಲಾಗಲಿಲ್ಲ. "ಎಂಥ ಜನ, ಗುರುಗಳೇ! ಒಬ್ಬನನ್ನು ನಂಬಿ ಇನ್ನೊಬ್ಬ ಸುತ್ತುವುದೇ?" ಎಂದ.

"ನಿನ್ನೆ ನಾನು ಓದಿದ ಪದ್ಯಕ್ಕೆ ನೀವೆಲ್ಲ ತಲೆಯಾಡಿಸಿದಿರಲ್ಲ, ಮರುಳಯ್ಯ, ಅದರ ಅರ್ಥ ನನಗಿನ್ನೂ ಹೊಳೆದಿಲ್ಲ" ಎಂದರು ಗುರುಗಳು.