ಬೀರುವಿನ ಬಾಗಿಲ ಬೆನ್ನು

ಗೋಡೆ ಬೀರುವಿನ ಹೊಸ ಬಾಗಿಲಿಗೆ ಕಾಳಪ್ಪಾಚಾರ್ರು ತೇಗದ ತೆಳು ಹಾಳೆಯನ್ನು ಅಂಟಿಸಿದರು. ಹಾಳೆ ಕಾಗದದಷ್ಟೇ ತೆಳ್ಳಗಿದ್ದರೂ ಅದರ ಜಂಬ ಮಾತ್ರ ಇಡೀ ತೇಗದ ಮರದಷ್ಟಿತ್ತು. ಆಚಾರ್ರು ಬಾಗಿಲನ್ನು ಮಗುಚಿ, ಬೆನ್ನಿಗೆ ಅಂಟಿಸಲು ಇನ್ನೊಂದು ಸಾದಾ ಹಾಳೆ ಎತ್ತಿಕೊಂಡಾಗ ತೇಗಕ್ಕೆ ರೇಗಿತು.

"ನಿಲ್ಲಿಸಿ ಆಚಾರ್ರೇ! ಬೀರುವಿನ ಒಳಗಡೆ ಇರುವ ಬೆನ್ನನ್ನು ನೋಡುವವರು ಯಾರು? ಅದಕ್ಕೇಕೆ ಈ ಸಿಂಗಾರ?"

"ಸಿಂಗಾರಕ್ಕಲ್ಲ ತಾಯಿ," ಎಂದಿತು ಬಾಗಿಲ ಬೆನ್ನು. "ಅಂಟು ಒಣಗುವಾಗ ನೀವು ನಮ್ಮನ್ನೆಲ್ಲ ನಿಮ್ಮ ಕಡೆಗೇ ಎಳೆಯುತ್ತೀರಿ. ಈ ಕಡೆಯಿಂದಲೂ ಒಬ್ಬರು ಎಳೆದು ಹಿಡಿಯದಿದ್ದರೆ ಬಾಗಿಲು ಸೊಟ್ಟಗಾಗುತ್ತದೆ."

"ಹೊಟ್ಟೆಕಿಚ್ಚು!" ಎಂದು ತೇಗ ಮೂಗು ಮುರಿಯಿತು.

ಊಟದ ಹೊತ್ತು ಮೀರಿತ್ತು. ಆಚಾರ್ರಿಗೆ ಈ ಜಗಳ ಬಿಡಿಸುವ ತಾಳ್ಮೆ ಇರಲಿಲ್ಲ. "ಬೆನ್ನಿಗೆ ಹಾಳೆ ಬೇಡವೆಂದು ಮುಖವೇ ಹೇಳಿದ ಮೇಲೆ ನನಗೇನಂತೆ!" ಎಂದು ಸಾದಾ ಹಾಳೆಯನ್ನು ಸುತ್ತಿಟ್ಟು ಕೈ ತೊಳೆಯಲು ಹೋದರು.

ವಾರ ಕಳೆಯುವುದರೊಳಗೆ ಬಾಗಿಲು ಬಿಸಿಲಿಗಿಟ್ಟ ಹಪ್ಪಳದಂತೆ ಮುಂದಕ್ಕೆ ಮುದುಡಿತು. ಮನೆಯೊಡತಿ ವನಜಾಕ್ಷಮ್ಮ ತಳ್ಳಿದರು, ಗುದ್ದಿದರು, ಸೊಂಟ ಕೊಟ್ಟು ಒತ್ತಿದರು, ಚಿಲಕ ಕೂರಲಿಲ್ಲ. ಕೊನೆಗೆ ರೋಸಿಹೋಗಿ ಬಾಗಿಲನ್ನು ಪೂರ್ತಿ ತೆರೆದು, ಗೋಡೆಗೆ ಆನಿಸಿ, ಅಲ್ಲಾಡದಂತೆ ದಾರ ಕಟ್ಟಿಬಿಟ್ಟರು.

ಮರುದಿನ ಮನೆ ತುಂಬ ನೆಂಟರು. ಸುಣ್ಣದ ಗೋಡೆಗೆ ಮೂಗು ಒತ್ತಿಕೊಂಡಿದ್ದ ತೇಗ ಪಿಸುಗುಟ್ಟಿತು: "ಅಲ್ಲಿ ಏನು ನಡೆಯುತ್ತಿದೆ? ನನ್ನನ್ನು ಯಾರಾದರೂ ನೋಡಿದರೇ?"

"ಇಲ್ಲ ತಾಯಿ," ಎಂದಿತು ಬೆನ್ನು. "ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ."